ಖಾಲಿ ಕ್ಯಾನಿನ ಜೊತೆ ಬರುವ ಪಾಠ

ಚನ್ನರಾಯನದುರ್ಗದ ಬೆಟ್ಟ ಇನ್ನೂ ಕತ್ತಲೆಯಲ್ಲೇ ಇದೆ. ಅದರ ಬುಡದ ಹಳ್ಳಿಯಲ್ಲಿ ಮಹಿಳಾ ಹಾಲಿನ ಡೇರಿಯ ದೀಪ ಮಾತ್ರ ಹತ್ತಿದೆ. ಕಾರ್ಯದರ್ಶಿ ವೇದಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೂಕದ ತಟ್ಟೆ ಒರೆಸುತ್ತಾರೆ, ಫ್ಯಾಟು ನೋಡುವ ಯಂತ್ರದ ಕೊಳವೆಗೆ ಬಿಸಿನೀರು ಬಿಡುತ್ತಾರೆ, ಕಂಪ್ಯೂಟರಿನ ಗುಂಡಿ ಅದುಮುತ್ತಾರೆ. ಅದು ಕಣ್ಣು ಬಿಡುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ಗುಡಿಸಿಯೂ ಮುಗಿದಿರುತ್ತದೆ.

ಮೊದಲು ಬರುವವರು ಚಿಕ್ಕಹನುಮಕ್ಕ. ಒಂದೇ ಹಸು, ಒಂದೇ ಸಣ್ಣ ಕ್ಯಾನು, ಮಾತು ಮಾತ್ರ ಇಡೀ ಊರಿಗಾಗುವಷ್ಟು.

"ಏನವ್ವ ಸಿನಿಮಾ ವೇದಕ್ಕ, ಇವತ್ತಾದ್ರೂ ನನ್ ಹಸೀನ್ ಹಾಲಿಗೆ ಫ್ಯಾಟು ಬತ್ತದೋ, ಇಲ್ಲಾ ನಿನ್ ಮಿಷನ್ ಇನ್ನೂ ತೂಕಡಿಸ್ತೈತೋ?"

"ಮಿಷನ್ ಎದ್ದು ಕುಂತೈತೆ. ನಿನ್ ಹಸೀಗೆ ನಿನ್ನೆ ಏನ್ ತಿನ್ನಿಸ್ದೆ ಅಂತ ಅದೇ ಹೇಳ್ತದೆ, ಸುರಿ ಅತ್ಲಾಗೆ."

ಹಿಂದೆ ನಿಂತ ಸಾಲು ನಗುತ್ತದೆ. ಹಾಲು ಬೀಳುತ್ತದೆ, ಅಂಕಿ ಮೂಡುತ್ತದೆ, ಮುಂದಿನವರು ಬರುತ್ತಾರೆ. ಅರವತ್ತಕ್ಕೂ ಹೆಚ್ಚು ಹೆಂಗಸರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಲ್ಲಿಗೆ ಹಾಲು ಹಾಕುತ್ತಾರೆ. ಹಬ್ಬವಾಗಲಿ, ಸೂತಕವಾಗಲಿ, ಕೆಚ್ಚಲಿಗೆ ರಜೆ ಇಲ್ಲ, ಹಾಗಾಗಿ ವೇದಾವತಿಗೂ ಇಲ್ಲ.

ಬೆಳಕು ಹರಿದ ಮೇಲೆ ಪಾಲಣ್ಣನ ವ್ಯಾನು ಬರುತ್ತದೆ. ಖಾಲಿ ಕ್ಯಾನುಗಳು ಇಳಿಯುತ್ತವೆ, ತುಂಬಿದವು ಹತ್ತುತ್ತವೆ. ಹೊರಡುವ ಮುಂಚೆ ವೇದಾವತಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದಾರ ಬಿಗಿದ ಪುಟ್ಟದೊಂದು ಪೊಟ್ಟಣವನ್ನು ಪಾಲಣ್ಣನ ಕೈಗೆ ಕೊಡುತ್ತಾರೆ. ಪಾಲಣ್ಣ ಅದನ್ನು ಅಂಗಿಯ ಜೇಬಿಗೆ ಹಾಕಿ ಮೇಲಿಂದ ಒಮ್ಮೆ ತಟ್ಟಿ ನೋಡಿಕೊಳ್ಳುತ್ತಾರೆ. ಒಳಗಿರುವುದು ಪೆನ್‌ಡ್ರೈವ್. ಅದರೊಳಗಿರುವುದು ವೇದಾವತಿಯ ಪಾಠ. "ಸಿನಿಮಾ ವೇದಕ್ಕ" ಎಂಬ ಅಡ್ಡಹೆಸರು ಹುಟ್ಟಿದ್ದು ಈ ಪೊಟ್ಟಣದಿಂದಲೇ.

ವೇದಾವತಿಯ ತವರು ಮಧುಗಿರಿ ತಾಲ್ಲೂಕು. ಎಸ್ಸೆಸ್ಸೆಲ್ಸಿ ಪಾಸಾದವರು. ಮುಂದೆ ಓದುವ ಆಸೆ ಇತ್ತು, ಮದುವೆ ಅಡ್ಡ ಬಂತು. ಗಂಡ ಮುತ್ತುರಾಜು ಗಾರೆ ಕೆಲಸದವರು. ಡೇರಿಗೆ ಹಾಲು ಪರೀಕ್ಷೆ ಮಾಡಲು ಸೇರಿಕೊಂಡ ವೇದಾವತಿ, ಹಿಂದಿನ ಕಾರ್ಯದರ್ಶಿ ಬಿಟ್ಟುಹೋದ ಮೇಲೆ ಆ ಕುರ್ಚಿಗೆ ಬಂದರು. ಕುರ್ಚಿ ಎಂಬುದು ಮಾತಿಗೆ ಅಷ್ಟೇ. ಹಾಲಿನ ಹೊತ್ತಿನಲ್ಲಿ ಅವರು ಕೂತದ್ದನ್ನು ಯಾರೂ ಕಂಡಿಲ್ಲ.

ಡೇರಿಗಳಿಗೆ ಕಂಪ್ಯೂಟರು ಬಂದ ಹೊಸದರಲ್ಲಿ ಸುತ್ತಲ ನಾಲ್ಕು ತಾಲ್ಲೂಕಿನ ಕಾರ್ಯದರ್ಶಿಗಳನ್ನು ಒಂದು ದಿನದ ತರಬೇತಿಗೆ ಕರೆದಿದ್ದರು. ದೊಡ್ಡ ಸಭಾಂಗಣ, ತಲೆಯ ಮೇಲೆ ಫ್ಯಾನು. ಗೋಡೆಯ ಮೇಲೆ ಚಿತ್ರ ಚೆನ್ನಾಗಿ ಬೀಳಲಿ ಎಂದು ದೀಪ ಆರಿಸಿದರು. ನಸುಕಿನಲ್ಲೆದ್ದು ಹಾಲು ಕರೆದು, ಹಾಲು ಅಳೆದು, ಬಸ್ಸು ಹಿಡಿದು ಬಂದ ಹೆಂಗಸರಿಗೆ ಕತ್ತಲೆಯೂ ತಂಪುಗಾಳಿಯೂ ಒಟ್ಟಿಗೆ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ದೀಪ ಹತ್ತಿದಾಗ ಮೇಷ್ಟ್ರು ಕೇಳಿದರು, "ಎಲ್ಲರಿಗೂ ಅರ್ಥ ಆಯ್ತಾ?" ಸಭಾಂಗಣ ಒಂದೇ ಕೊರಳಲ್ಲಿ ಹೇಳಿತು, "ಆಯ್ತು ಸಾರ್."

"ನಾನೂ ಹೇಳ್ದೆ," ಎಂದು ವೇದಾವತಿ ನಗುತ್ತಾರೆ. "ಇಲ್ಲ ಅಂದ್ರೆ ಮೇಷ್ಟ್ರಿಗೆ ಬೇಜಾರಾಗಲ್ವಾ? ಪಾಪ, ಬೆಳಿಗ್ಗೆಯಿಂದ ನಿಂತ್ಕಂಡೇ ಇದ್ರು."

ಆಮೇಲೆ ಕಲಿತದ್ದೆಲ್ಲ ಊರಲ್ಲಿ, ಎರಡು ಹಾಲಿನ ನಡುವಿನ ಮಧ್ಯಾಹ್ನಗಳಲ್ಲಿ. ಒತ್ತಿ ನೋಡುವುದು, ತಪ್ಪಾದರೆ ತಿದ್ದುವುದು, ತಿದ್ದಿದ್ದು ತಪ್ಪಾದರೆ ಮತ್ತೆ ಒತ್ತುವುದು. ವೇದಾವತಿಗೆ ಕೈ ಬಂತು ಎಂಬ ಸುದ್ದಿ ಹರಡಿದ್ದೇ ತಡ, ಕೊರಟಗೆರೆ, ಸಿರಾ, ಪಾವಗಡ ಕಡೆಯ ಡೇರಿಗಳಿಂದ ಫೋನು ಶುರುವಾಯಿತು. "ವೇದಕ್ಕ, ಕೆಂಪಕ್ಷರ ಬಂದ್ಬುಟ್ಟೈತೆ." "ವೇದಕ್ಕ, ಒಬ್ರ ಹಾಲು ಇನ್ನೊಬ್ರ ನಂಬರಿಗೆ ಹೋಗ್ಬುಡ್ತು." ಕೇಳುವವರ ತಪ್ಪಲ್ಲ. ತೊಂದರೆ ಏನೆಂದರೆ, ಹಾಲಿನ ಹೊತ್ತು ಎಲ್ಲ ಊರಿಗೂ ಒಂದೇ. ಅಲ್ಲಿ ಯಂತ್ರ ಮುನಿಸಿಕೊಂಡಾಗ ಇಲ್ಲಿ ವೇದಾವತಿಯ ಮುಂದೆಯೂ ಸಾಲು ನಿಂತಿರುತ್ತದೆ. ಕಿವಿಗೂ ಹೆಗಲಿಗೂ ಮಧ್ಯೆ ಫೋನು ಸಿಕ್ಕಿಸಿಕೊಂಡು ಎಷ್ಟು ಊರಿನ ಹಾಲು ಅಳೆಯಲು ಸಾಧ್ಯ?

ಮಾಡಿ ತೋರಿಸಿದ್ದನ್ನು ಚಿತ್ರ ಹಿಡಿದು ಕಳಿಸಿದರೆ ಹೇಗೆ ಎಂಬ ಯೋಚನೆ ಹೊಳೆದದ್ದು ಆಗ. ಆದರೆ ಕಳಿಸುವುದು ಯಾವುದಕ್ಕೆ? ಹಲವು ಕಾರ್ಯದರ್ಶಿಗಳ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಮನೆಯಲ್ಲೊಂದು ದೊಡ್ಡ ಫೋನಿದ್ದರೆ ಅದು ಗಂಡನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಎಲ್ಲ ಡೇರಿಯಲ್ಲೂ ಇರುವ ಒಂದೇ ಪರದೆ ಎಂದರೆ ಆ ಕಂಪ್ಯೂಟರಿನದು. ಅದಕ್ಕೋ, ಹೊಸದೇನನ್ನೂ ಹಾಕುವಂತಿಲ್ಲ. ಎಲ್ಲೋ ಯಾರೋ ಹಾಡು ಕೇಳುವ ಆಸೆಗೆ ಏನೋ ತುಂಬಿಸಿ ಲೆಕ್ಕವೆಲ್ಲ ಅಳಿಸಿಹೋಯಿತಂತೆ. ಅಂದಿನಿಂದ ಮೇಲಿನ ಕಚೇರಿಯವರು ಪಾಸ್‌ವರ್ಡ್ ಹಾಕಿ ಬಿಗಿ ಮಾಡಿದ್ದಾರೆ. ಲೆಕ್ಕ ಒಯ್ಯಲು ಬೇಕೆಂದು ಪೆನ್‌ಡ್ರೈವ್ ಚುಚ್ಚುವ ಕಿಂಡಿಯೊಂದನ್ನು ಮಾತ್ರ ತೆರೆದಿಟ್ಟಿದ್ದಾರೆ. ಆ ಕಿಂಡಿಯೇ ಸಾಕು ಎಂದುಕೊಂಡರು ವೇದಾವತಿ.

ಮೊದಲ ಚಿತ್ರೀಕರಣದ ವೈಭವವನ್ನು ಮುತ್ತುರಾಜು ಬಾಯಲ್ಲೇ ಕೇಳಬೇಕು. ಕ್ಯಾನು ಬೋರಲು ಹಾಕಿ, ಅದರ ಮೇಲೆ ಸೇರಿನ ತುಂಬ ರಾಗಿ ಇಟ್ಟು, ರಾಗಿಯೊಳಗೆ ಫೋನು ನಾಟಿದರು. ಅಲುಗಾಡುವುದಿಲ್ಲ. ಟಾರ್ಚು ಹಿಡಿಯುವ ಕೆಲಸ ಗಂಡನದು. "ಇವ್ಳು ಮದ್ವೆ ಸೀರೆ ಉಟ್ಕಂಡು ಬಂದ್ಲು ಕಣ್ರೀ," ಎನ್ನುತ್ತಾರೆ ಅವರು. "ರೇಡಿಯೋದೋರ್ ತರ ಮಾತಾಡಕ್ಕೆ ಶುರು ಹಚ್ಕಂಡ್ಲು. ನಂಗೆ ನಗು ತಡೀಲಾರ್ದೆ ಟಾರ್ಚು ಕುಣೀತಿತ್ತು." ಕಡೆಗೂ "ಮಾನ್ಯ ಕಾರ್ಯದರ್ಶಿಗಳೇ, ಪರದೆಯ ಬಲಭಾಗದಲ್ಲಿರುವ ಗುಂಡಿಯನ್ನು ಒತ್ತತಕ್ಕದ್ದು" ಎಂದು ಆರಂಭವಾದ ಆ ಪಾಠವನ್ನು ಹತ್ತಾರು ಪೆನ್‌ಡ್ರೈವಿಗೆ ಪೇಟೆಯಲ್ಲಿ ತುಂಬಿಸಿ, ವ್ಯಾನಿನಲ್ಲಿ ಕಳಿಸಿದರು. ಪಾಲಣ್ಣ ಹಾಲು ತಂಪು ಮಾಡುವ ಚಿಲ್ಲಿಂಗ್ ಸೆಂಟರಿನಲ್ಲಿ ಬೇರೆ ದಾರಿಯ ಚಾಲಕರಿಗೆ ಹಂಚಿದರು. ಅವರು ಖಾಲಿ ಕ್ಯಾನಿನ ಹಿಡಿಗೆ ಕಟ್ಟಿ ಊರೂರಿಗೆ ಇಳಿಸಿದರು. ಅಂಚೆಗೆ ತಿಂಗಳು ಹಿಡಿಯುವ ಹಳ್ಳಿಗೂ ಖಾಲಿ ಕ್ಯಾನು ದಿನಾ ಹೋಗುತ್ತದೆ.

ಉತ್ತರಗಳು ಬಂದವು. ಎಲ್ಲರೂ ಹೊಗಳಿದರು. ಸಿರಾ ಕಡೆಯವರು "ಏಕ್‌ದಂ ಫಸ್ಟ್ ಕ್ಲಾಸ್" ಎಂದರು. ನಾಗಲಮಡಿಕೆ ಕಡೆಯ ಗಡಿ ಹಳ್ಳಿಯೊಂದರ ಕಾರ್ಯದರ್ಶಿ ನರಸಿಂಹಮ್ಮ ಫೋನು ಮಾಡಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಶಾನಾ ಬಾಗುಂದಮ್ಮಾ, ಭಾರಿ ಚೆನ್ನಾಗೈತೆ" ಎಂದರು. ವೇದಾವತಿ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆದರೆ ನಸುಕಿನ ಫೋನುಗಳು ನಿಲ್ಲಲಿಲ್ಲ. ಅದೇ ಕೆಂಪಕ್ಷರ, ಅದೇ ಪ್ರಶ್ನೆ. ಪಾಠದಲ್ಲಿ ಬಿಡಿಸಿ ಹೇಳಿದ್ದನ್ನೇ ಮತ್ತೆ ಕೇಳುತ್ತಾರಲ್ಲ ಎಂದು ಅನುಮಾನ ಬಂತು. ಅದರ ಬೆನ್ನಿಗೇ ಇನ್ನೊಂದು ಸುದ್ದಿ. ಯುಗಾದಿ ಕಳೆದ ಮೇಲೆ ಹಾಲಿನ ಲೆಕ್ಕಕ್ಕೆ ಕೈಬರಹದ ಚೀಟಿ ನಡೆಯುವುದಿಲ್ಲ. ಕಂಪ್ಯೂಟರು ನಡೆಸಲಾಗದ ಡೇರಿಯನ್ನು ಪಕ್ಕದೂರಿನದಕ್ಕೆ ಸೇರಿಸಿಬಿಡುತ್ತಾರೆ. ನರಸಿಂಹಮ್ಮನ ಊರಿಗೆ ಪಕ್ಕದೂರು ಎಂದರೆ ಹಳ್ಳದ ಆಚೆ. ಜೋಡಿ ಹಸು ಕಟ್ಟಿ ಬೈಕು ಇಟ್ಟವರು ಹೋದಾರು. ಒಂದೇ ಹಸುವಿನ ಮುದುಕಿಯರು ಕತ್ತಲಲ್ಲಿ ಕ್ಯಾನು ಹೊತ್ತು ಹಳ್ಳ ದಾಟುವುದುಂಟೆ? ಡೇರಿ ಹೋದರೆ ಅವರ ಹಾಲು ಹೋದಂತೆ, ಹಾಲಿನ ಜೊತೆ ವಾರದ ಸಂತೆಯೂ ಹೋದಂತೆ.

ಒಂದು ಬೆಳಿಗ್ಗೆ ಪಾಲಣ್ಣನ ವ್ಯಾನು ಹೊರಟ ಕೂಡಲೇ ವೇದಾವತಿ ಬಸ್ಸು ಹತ್ತಿದರು. ಮಧುಗಿರಿ, ಪಾವಗಡ, ಅಲ್ಲಿಂದ ಆಟೋ. ನರಸಿಂಹಮ್ಮನ ಡೇರಿಯ ಬಾಗಿಲು ತೆಗೆದಾಗ ಕಂಡದ್ದನ್ನು ಹೇಳುವಾಗ ಅವರಿಗೆ ಇವತ್ತಿಗೂ ನಗುವೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಗೋಡೆಯ ಗೂಡಿನಲ್ಲಿ ದೇವರ ಪಟ. ಪಟದ ಮುಂದೆ ಹೂವು. ಹೂವಿನ ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿದ್ದು ವೇದಾವತಿಯ ಪೆನ್‌ಡ್ರೈವ್.

ನರಸಿಂಹಮ್ಮ ಐವತ್ತು ದಾಟಿದವರು, ಡೇರಿ ಶುರುವಾದಾಗಿನಿಂದ ಅವರೇ ಕಾರ್ಯದರ್ಶಿ, ಕೈಬರಹ ಮುತ್ತಿನಂತಹದು. ಸಿಕ್ಕಿಬಿದ್ದ ಮೇಲೆ ಬಚ್ಚಿಡಲಿಲ್ಲ.

"ಒತ್ತಿದ್ರೆ ಏದೋ, ಏನೋ ಬೇಕು ಅಂತೈತಮ್ಮಾ. ಇನ್ನೊಂದು ಏದೋ ಹಾಕು, ಪಾಸ್‌ವರ್ಡ್ ಕೊಡು ಅಂತೈತೆ. ನಾಕೇಂ ತೆಲುಸು, ನಂಗೇನ್ ಗೊತ್ತು? ನಾನೇ ತಪ್ಪೊತ್ತಿದೆ ಅನ್ಕಂಡೆ. ಮಿಷನ್ನು ಕೆಟ್ಟೋದ್ರೆ ಯಾರು ಜವಾಬು ಅಂತ ಭಯಕ್ಕೆ ಎತ್ತಿ ಮಡಗ್ಬುಟ್ಟೆ."

"ಮತ್ತೆ ಚೆನ್ನಾಗೈತೆ ಅಂದ್ರಲ್ಲಕ್ಕ?"

"ಅಷ್ಟು ಕಷ್ಟಪಟ್ಟು ಕಳ್ಸಿದೀರಿ. ಬಾಗಲೇದು, ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಮ್ಮಾ?"

ಮರಳಿ ಬರುವಾಗ ಬಸ್ಸಿನಲ್ಲೇ ಕೂತು ವೇದಾವತಿ ಉಳಿದವರಿಗೂ ಫೋನು ಹಚ್ಚಿ ಗದರಿಸಿ ಕೇಳಿದರು. ಒಬ್ಬರೂ ನೋಡಿರಲಿಲ್ಲ. ಒಬ್ಬರಿಗೂ ತೆರೆದಿರಲಿಲ್ಲ. ಎಲ್ಲರೂ ಮರ್ಯಾದೆಗೆ ಹೊಗಳಿದ್ದರು, ಥೇಟ್ ಆ ತರಬೇತಿಯ ದಿನ ಮೇಷ್ಟ್ರನ್ನು ಸಮಾಧಾನ ಮಾಡಿದ ಹಾಗೆ. ತಮ್ಮ ತಪ್ಪು ವೇದಾವತಿಗೆ ಆಗ ಹೊಳೆಯಿತು. ಪಾಠವನ್ನು ತಮ್ಮ ಫೋನಿನಲ್ಲಿ ನೋಡಿ ಮೆಚ್ಚಿಕೊಂಡಿದ್ದರೇ ಹೊರತು ಡೇರಿಯ ಕಂಪ್ಯೂಟರಿಗೆ ಒಮ್ಮೆಯೂ ಚುಚ್ಚಿ ನೋಡಿರಲಿಲ್ಲ. "ಅಡಿಗೆ ಮಾಡಿ ಉಪ್ಪು ನೋಡ್ದೆ ಬಡಿಸ್ಬುಟ್ಟಿದ್ದೆ. ಉಂಡೋರು ಪಾಪ ಸುಮ್ಕೆ ನುಂಗವ್ರೆ," ಎನ್ನುತ್ತಾರೆ.

ಅಂದು ಹೊರಡುವಾಗ ನರಸಿಂಹಮ್ಮ ಕೈಹಿಡಿದು ಕೇಳಿದ್ದು ಒಂದೇ: "ಸಾಯಂತ್ರದ ತನಕ ಇರಮ್ಮಾ. ನಮ್ಮೋರು ಹಾಲು ಹಾಕೋದು ನೋಡ್ಕಂಡು ಹೋಗು." ವೇದಾವತಿ ಇರಲಿಲ್ಲ. ಇರುವಂತಿರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ತಮ್ಮದಲ್ಲದ ಇನ್ನೊಂದು ಡೇರಿಗೆ ಹಾಲು ಬೀಳುವುದನ್ನು ಅವರು ಕಂಡೇ ಇಲ್ಲ. ಸಂಜೆಯ ಹಾಲಿಗೆ ಚನ್ನರಾಯನದುರ್ಗ ಮುಟ್ಟಬೇಕಿತ್ತು.

ಮಧುಗಿರಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಅಂಜನ್ ಕುಮಾರ್ ಅವರ ಮೊಬೈಲ್ ಅಂಗಡಿ ಇದೆ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುತ್ತಲೇ ತಲೆ ನರೆತ ಮನುಷ್ಯ. ಮರುದಿನ ವೇದಾವತಿ ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ಮೇಲೇರಿಸಿದರು. ಹೊಸ ಫೋನಿನ ವಿಡಿಯೋ ಆ ಹಳೇ ಪೆಟ್ಟಿಗೆಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಸುವ ತಂತ್ರಾಂಶ ಹಾಕೋಣವೆಂದರೆ ಬಿಡುವುದಿಲ್ಲ. "ಮಿಷನ್ ಬದಲಾಯ್ಸಂಗಿಲ್ಲ ಅಂದ್ರೆ ವಿಡಿಯೋನೇ ಬದಲಾಯ್ಸನ ಬುಡಿ ಅಕ್ಕ. ಗುಂಡಿ ಫೋನಿಗೆ ನಾನು ಇಷ್ಟು ವರ್ಷ ಮಾಡ್ಕಂಡ್ ಬಂದಿರಾದು ಅದೇ ಅಲ್ವಾ," ಎಂದರು. ಯಾವ ಬಗೆ ಒಗ್ಗುತ್ತದೋ ಅವರಿಗೂ ಖಚಿತವಿರಲಿಲ್ಲ. ಒಂದೇ ತುಣುಕನ್ನು ಏಳೆಂಟು ಬಗೆಯಲ್ಲಿ ಮಾಡಿಕೊಟ್ಟರು.

ವೇದಾವತಿ ಅವನ್ನು ತಂದು ತಮ್ಮ ಡೇರಿಯ ಕಂಪ್ಯೂಟರಿಗೆ ಚುಚ್ಚಿದರು. ಒಂದನ್ನು ಒತ್ತಿದರೆ ಪಾಸ್‌ವರ್ಡ್ ಕೇಳಿತು. ಇನ್ನೊಂದು ಕಪ್ಪು ಮುಖ ತೋರಿಸಿತು. ಮತ್ತೊಂದರಲ್ಲಿ ಚಿತ್ರವಿತ್ತು, ದನಿ ಇರಲಿಲ್ಲ. ಕೊನೆಗೊಂದು, ಯಾವ ತಕರಾರೂ ಇಲ್ಲದೆ, ಕಂಪ್ಯೂಟರಿನಲ್ಲಿ ಮೊದಲಿನಿಂದಲೇ ಇದ್ದ ಹಳೇ ಪ್ಲೇಯರಿನಲ್ಲಿ ತಂತಾನೇ ತೆರೆದುಕೊಂಡಿತು. "ಮಾನ್ಯ ಕಾರ್ಯದರ್ಶಿಗಳೇ" ಎಂದು ತಮ್ಮದೇ ದನಿ ಕೇಳಿದಾಗ ವೇದಾವತಿಗೆ ನಾಚಿಕೆಯಾಯಿತು. ತೆರೆಯುವುದೇನೋ ತೆರೆಯಿತು, ಆದರೆ ಇದು ಯಾರ ಭಾಷೆ?

ಹೊಸದಾಗಿ ಶುರು ಮಾಡಿದರು. ಮದುವೆ ಸೀರೆ ಪೆಟ್ಟಿಗೆ ಸೇರಿತು. ಒಂದು ತೊಡಕಿಗೆ ಒಂದೇ ಪಾಠ, ಅದೂ ಪುಟ್ಟದು: ಕೆಂಪಕ್ಷರಕ್ಕೊಂದು, ಕರೆಂಟು ಹೋದರೊಂದು. ಓದಲು ಹೇಳುವುದಿಲ್ಲ, ಬಣ್ಣ ತೋರಿಸುತ್ತಾರೆ. ಹಸಿರು ಗುಂಡಿ, ಕೆಂಪು ಗುಂಡಿ. ಬೆರಳಿಟ್ಟು ತೋರಿಸಿ, ನೋಡುವವರ ಬೆರಳೂ ಅಲ್ಲಿಗೆ ಬರಲಿ ಎಂದು ತುಸು ಕಾಯುತ್ತಾರೆ. ಗಡಿಯವರಿಗೆಂದು ಫೋನಿನಲ್ಲೇ ನರಸಿಂಹಮ್ಮನಿಂದ ಒಂದಿಷ್ಟು ತೆಲುಗು ಕಲಿತು ನಡುನಡುವೆ ಸೇರಿಸುತ್ತಾರೆ. ಹಿನ್ನೆಲೆಯಲ್ಲಿ ಅವರ ಹಸು ಅಂಬಾ ಎನ್ನುತ್ತದೆ. ಅದನ್ನು ತೆಗೆಯುವ ಗೋಜಿಗೆ ಹೋಗಿಲ್ಲ. ಪ್ರತಿ ಪಾಠದ ಮೊದಲ ಮಾತು ಮಾತ್ರ ಒಂದೇ: "ಹೆದ್ರಬ್ಯಾಡಿ. ಏನೊತ್ತಿದ್ರೂ ಮಿಷನ್ ಸುಟ್ಟೋಗಲ್ಲ. ತಪ್ಪಾದ್ರೆ ತಿದ್ಕಳಾದು, ಅಷ್ಟೇಯ."

ಊರಲ್ಲಿ ಎಲ್ಲರೂ ಮೆಚ್ಚಿದರು ಎಂದರೆ ಸುಳ್ಳಾಗುತ್ತದೆ. ಮನೆ ಕೆಲಸ ಬಿಟ್ಟು ಹೆಂಗಸಿಗೆ ಇದ್ಯಾಕೆ ಸಿನಿಮಾ ಹುಚ್ಚು ಎಂದು ಅರಳಿಕಟ್ಟೆಯಲ್ಲಿ ಕುಹಕವಾಡಿದವರಿದ್ದಾರೆ. ಮಧ್ಯಾಹ್ನದ ನಿದ್ದೆ ಹೋಯಿತು. ಕಣ್ಣು ಉರಿಯುತ್ತದೆ. ಆದರೂ ಅಂಜನ್ ಕುಮಾರ್ ಅದೇ ಬಗೆಗೆ ಬದಲಿಸಿ ತುಂಬಿಕೊಟ್ಟ ಪ್ರತಿ ಪೆನ್‌ಡ್ರೈವನ್ನೂ ತಮ್ಮ ಡೇರಿಯ ಕಂಪ್ಯೂಟರಿನಲ್ಲಿ ತೆರೆದು, ಕೊನೆಯವರೆಗೆ ನೋಡಿ, ಆಮೇಲೇ ಪೊಟ್ಟಣ ಕಟ್ಟುತ್ತಾರೆ. ಜೊತೆಗೊಂದು ಹೊಸ ಕಟ್ಟಪ್ಪಣೆ ಹೊರಡಿಸಿದ್ದಾರೆ. "ಚೆನ್ನಾಗೈತೆ ಅಂತ ಯಾರೂ ಹೇಳಂಗಿಲ್ಲ. ಏನ್ ಕಾಣಿಸ್ತು ಅದುನ್ನ ಹೇಳಿ."

ಯುಗಾದಿ ಕಳೆಯಿತು. ಕೈಚೀಟಿ ನಿಂತ ಮೊದಲ ಬೆಳಿಗ್ಗೆ ನರಸಿಂಹಮ್ಮನ ಡೇರಿಯಲ್ಲಿ ಮೇಲ್ವಿಚಾರಕ ನಂದೀಶ್ವರಯ್ಯ ಬಂದು ಕೂತರು. ಆ ಊರಿನ ಡೇರಿ ಉಳಿಯಬೇಕೋ ಬೇಡವೋ ಎಂದು ಬರೆಯುವವರು ಅವರೇ. ಎಪ್ಪತ್ತು ಕಿಲೋಮೀಟರಿಗೂ ಆಚೆ, ದುರ್ಗದ ಬುಡದಲ್ಲಿ ವೇದಾವತಿಯ ಕೈ ಹಾಲಿನ ಮೇಲೆ, ಮನಸ್ಸು ಗಡಿಯ ಮೇಲೆ. ಒಬ್ಬರ ಹಾಲನ್ನು ಇನ್ನೊಬ್ಬರ ನಂಬರಿಗೆ ಹಾಕಿದರು. "ಊರೋರ್ಗೆಲ್ಲಾ ಪಾಠ ಹೇಳ್ತೀಯ, ನಿಂಗೇನಾಗೈತೆ ಇವತ್ತು?" ಎಂದು ಚಿಕ್ಕಹನುಮಕ್ಕ ಗದರಿದರು. ವೇದಾವತಿ ನಂಬರು ತಿದ್ದಿ ಮುಂದಿನ ಕ್ಯಾನಿಗೆ ಕೈ ಚಾಚಿದರು.

ಅಲ್ಲಿ ನಡೆದದ್ದನ್ನು ನಂದೀಶ್ವರಯ್ಯನವರೇ ಹೇಳುತ್ತಾರೆ. "ಆಯಮ್ಮನ ಕೈಲಾಗಲ್ಲ ಅಂತ ಮನಸ್ಸಲ್ಲೇ ತೀರ್ಮಾನ ಮಾಡ್ಕೊಂಡು ಹೋಗಿದ್ದೆ. ಅರ್ಧ ಸಾಲು ಮುಗಿದಿತ್ತು, ಕರೆಂಟು ಹೋಯ್ತು. ಇನ್ನೇನು, ಎದ್ದು ಹೊರಡೋಣ ಅಂತ ಚಪ್ಪಲಿ ಮೆಟ್ಟಿದೆ. 'ಕೂಕೊಳ್ಳಿ ಸಾರ್' ಅಂದ್ರು. ಬ್ಯಾಟರಿಗೆ ಹಾಕಿದ್ರು, ಅಲ್ಲೀವರೆಗಿನ ಲೆಕ್ಕ ಇದೆಯಾ ನೋಡಿದ್ರು, ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು ಮಾಡಿದ್ರು. ಒಬ್ಬರ ಹಾಲೂ ತಪ್ಪಲಿಲ್ಲ. ಡೇರಿ ಉಳೀಲಿ ಅಂತ ನಾನು ಬರೆದದ್ದಲ್ಲ ಸ್ವಾಮಿ, ಆಯಮ್ಮ ಬರೆಸಿದ್ದು."

ಈ ಸುದ್ದಿ ವೇದಾವತಿಗೆ ಅವತ್ತು ಮುಟ್ಟಲಿಲ್ಲ. ನರಸಿಂಹಮ್ಮ ಫೋನು ಮಾಡಲಿಲ್ಲ, ವೇದಾವತಿ ಧೈರ್ಯ ಮಾಡಲಿಲ್ಲ. "ಡೇರಿ ಹೋಗಿದ್ರೆ ಅದುನ್ನ ಅವರ ಬಾಯಲ್ಲೇ ಯಾಕ್ ಹೇಳಿಸ್ಲಿ ಅಂತ ಸುಮ್ಕಾದೆ." ಮರುದಿನವೂ ಹಾಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಪಾಲಣ್ಣ ವ್ಯಾನಿನಿಂದ ಖಾಲಿ ಕ್ಯಾನು ಇಳಿಸುತ್ತಾ, "ಪಾವಗಡದ ಕಡೆಯಿಂದ ಏನೋ ಬಂದೈತೆ ನೋಡಕ್ಕ" ಎಂದರು. ಕ್ಯಾನಿನ ಹಿಡಿಗೆ ಪೊಟ್ಟಣವೊಂದು ಕಟ್ಟಿತ್ತು.

ವೇದಾವತಿ ಬಿಚ್ಚಿ ಕಂಪ್ಯೂಟರಿಗೆ ಚುಚ್ಚಿದರು. ಒಳಗೆ ಒಂದೇ ವಿಡಿಯೋ. ಒತ್ತಿದರು. ಪಾಸ್‌ವರ್ಡ್ ಕೇಳಲಿಲ್ಲ, ಇನ್ನೇನನ್ನೋ ಹಾಕು ಎನ್ನಲಿಲ್ಲ. ಒಂದೇ ಸಲಕ್ಕೆ ತೆರೆಯಿತು. ನರಸಿಂಹಮ್ಮ ಪಾವಗಡದ ಅಂಗಡಿಯಲ್ಲಿ ಕೂತು, ಇದೇ ಬಗೆಯೇ ಬೇಕೆಂದು ಹಟ ಹಿಡಿದು ಮಾಡಿಸಿದ್ದರು. ಆ ಎರಡು ದಿನದ ಮೌನದ ಕಾರಣ ಇಷ್ಟೇ.

ಪರದೆಯ ಮೇಲೆ ಬೆಳಗಿನ ಡೇರಿ. ಬಾಗಿಲಿನಿಂದಾಚೆಗೂ ಹಬ್ಬಿದ ಹೆಂಗಸರ ಸಾಲು. ಹಾಲು ಬೀಳುತ್ತಿದೆ, ಅಂಕಿ ಮೂಡುತ್ತಿದೆ, ನರಸಿಂಹಮ್ಮನ ಬೆರಳು ಹಸಿರು ಗುಂಡಿಯ ಮೇಲಿದೆ. ಚೀಟಿ ಹರಿದು ಮುದುಕಿಯೊಬ್ಬಳ ಕೈಗಿಟ್ಟು ಅವರು ಇತ್ತ ತಿರುಗುತ್ತಾರೆ.

"ವೇದಮ್ಮಾ, ಹಾಲಿನ ಹೊತ್ತಿಗೆ ನೀನು ಬರಾಕಾಗಲ್ಲ ಕದಾ, ಅಲ್ವಾ. ಅದುಕ್ಕೇ ನಮ್ಮ ಡೇರೀನೇ ನಿನ್ನ ಹತ್ರಕ್ಕೆ ಕಳ್ಸಿವ್ನಿ. ಚೂಡಮ್ಮಾ, ನೋಡು."

ಹಾಲು ಹಾಕಿ ಮುಗಿದರೂ ಹೊರಡದೆ ನಿಂತಿದ್ದ ಹೆಂಗಸರೆಲ್ಲ ಪರದೆಯ ಸುತ್ತ ಮುತ್ತಿಕೊಂಡಿದ್ದರು. ಚಿಕ್ಕಹನುಮಕ್ಕ ಎಲ್ಲರನ್ನೂ ಮೊಣಕೈಯಿಂದ ಸರಿಸಿ ಮುಂದೆ ಬಂದು, ಕಣ್ಣು ಕಿರಿದು ಮಾಡಿ ನೋಡಿದರು.

"ಯಾರೇ ಅದು? ನಿಮ್ ನೆಂಟ್ರಾ?"

ವೇದಾವತಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಊಂಹೂಂ ಕಣವ್ವ. ಆ ಊರ ಡೇರಿ ಸೆಕ್ರೆಟ್ರಿ, ಇವತ್ತಿಗೂ."